ಒಂದೇ ಕೂಸು, ಜೀವಂತ, ಆಸ್ಪತ್ರೆಯ ಹೊರಗೆ

ನನ್ನ ಮೊಮ್ಮಗಳಿಗೆ ಈಗ ಐದು ತಿಂಗಳು. ಬೋರಲು ಬೀಳುತ್ತಾಳೆ, ಬಿದ್ದಮೇಲೆ ತಿರುಗಲು ಬಾರದೆ ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಎತ್ತಿಕೊಂಡರೆ ನನ್ನ ಮೂಗಿನ ನತ್ತಿಗೇ ಕೈ ಹಾಕುತ್ತಾಳೆ. ಅವಳು ಬಾಯಿ ಅಗಲಿಸಿ ಅಳತೊಡಗಿದರೆ ಮನೆಯವರೆಲ್ಲ ಸುಮ್ಮನಾಗಿಸು ಎಂದು ನನ್ನ ಕಡೆ ನೋಡುತ್ತಾರೆ. ನಾನು ಒಂದು ಗಳಿಗೆ ಅಳಲಿ ಬಿಡಿ ಎನ್ನುತ್ತೇನೆ. ಆ ತೆರೆದ ಬಾಯಿಯನ್ನು ನೋಡುತ್ತ ಕುಳಿತರೆ ನನಗೆ ಹೊಟ್ಟೆ ತುಂಬುತ್ತದೆ. ಮುದುಕಿಗೆ ಹುಚ್ಚು ಹಿಡಿದಿದೆ ಎಂದು ನಮ್ಮ ಯಜಮಾನರು ನಗುತ್ತಾರೆ. ನಗಲಿ. ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಇಷ್ಟು ಉದ್ದ ಬರೆದದ್ದು ಇದೇ ಮೊದಲು. ಬರೆಯದಿದ್ದರೆ ಈ ಸಂತೋಷವೂ, ಇದರ ಕೆಳಗಿರುವ ಹೆದರಿಕೆಯೂ ನನ್ನೊಳಗೇ ಉಳಿದುಬಿಡುತ್ತವೆ.

ನಮ್ಮ ಹೊಲ ಇರುವುದು ಕುಕನೂರಿನ ಹತ್ತಿರ, ಕಪ್ಪು ಮಣ್ಣಿನ ಎರೆಭೂಮಿ. ಮಗಳನ್ನು ಕುಷ್ಟಗಿ ಕಡೆ ಕೊಟ್ಟಿದ್ದೇವೆ. ಅವರದು ದಾಳಿಂಬೆ ತೋಟದ ಮನೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಏಳನೆಯ ತಿಂಗಳಲ್ಲಿ ಕರೆತಂದಿದ್ದೆ. ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಇಪ್ಪತ್ತು ದಿನ ಇರುವಾಗ ಎಳ್ಳಮಾವಾಸ್ಯೆ ಬಂತು.

ಆ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಬುಟ್ಟಿಗಳಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಜೋಳ ಆಗ ಆಳೆತ್ತರ ನಿಂತು ತೆನೆಯಲ್ಲಿ ಹಾಲು ತುಂಬುತ್ತಿರುತ್ತದೆ. ಭೂಮಿತಾಯಿ ತುಂಬಿದ ಬಸುರಿ, ಅವಳಿಗೂ ಬಯಕೆ ಇರುತ್ತದೆ, ಅವಳಿಗೆ ಉಣಿಸಿ ನಾವು ಉಣ್ಣಬೇಕು. ಬನ್ನಿಮರದ ಕೆಳಗೆ ಐದು ಕಲ್ಲು ಇಟ್ಟು ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಆಮೇಲೆ ಗಂಡಸರು ಅಡಿಗೆಯನ್ನೆಲ್ಲ ಕಲಸಿ, ಕೂಗು ಹಾಕುತ್ತ ಹೊಲದ ಸುತ್ತ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ.

ಹಿಂದಿನ ದಿನವೇ ಬೀಗತಿಯ ಫೋನು ಬಂದಿತ್ತು. ನಮ್ಮ ಬೀಗತಿಯ ದನಿಗೆ ಫೋನೇ ಬೇಕಿಲ್ಲ, ಕುಷ್ಟಗಿಯಿಂದ ನೇರವಾಗಿ ಕೂಗಿದರೂ ಕೇಳೀತು.

"ಅಕ್ಕಾರ, ನಾಳೆ ಅಮಾಸಿ ಐತಿ. ಸ್ವಸಿನ್ನ ಹೊಸ್ತಲಾ ದಾಟಿಸಬ್ಯಾಡ್ರಿ ಮತ್ತ. ದಿನಾ ತುಂಬಿದಾಕಿ."

"ಇಲ್ಲ ಬಿಡ್ರೀ, ನಾ ಅಷ್ಟೂ ತಿಳೀಲಾರ್ದಾಕಿ ಅದೀನೇನು?" ಎಂದೆ.

ಎಂದವಳೇ ಮರುದಿನ ಮಗಳನ್ನು ಹೊಲಕ್ಕೆ ಕರೆದುಕೊಂಡು ಹೋದೆ. ನನಗೊಂದು ಆಸೆ ಇತ್ತು. ತುಂಬಿದ ಹೊಲದಲ್ಲಿ ತುಂಬಿದ ಬಸುರಿಯನ್ನು ಕೂಡಿಸಿ, ಭೂಮಿತಾಯಿಗೂ ಅವಳಿಗೂ ಒಂದೇ ಸಲಕ್ಕೆ ಉಡಿ ತುಂಬಬೇಕು ಎಂದು. ಮದುವೆಯಾಗಿ ಆರು ವರ್ಷ ಕಾದು ನಿಂತ ಬಸಿರು ಅದು. ಮಗಳಿಗೂ ಹಸಿರು ಸೀರೆ ಉಟ್ಟು ಬರುವ ಹುರುಪು ಇತ್ತು. "ನಮ್ಮ ಅತ್ತಿಯವ್ರಿಗೆ ಹೇಳಬ್ಯಾಡಬೇ ಯವ್ವಾ" ಎಂದು ನನಗೆ ಅವಳೇ ಹೇಳಿದಳು.

ಪೂಜೆ ಮುಗಿಯಿತು. ಐದು ಕಲ್ಲಿಗೂ ಹಸಿನೂಲು ಸುತ್ತಿದ್ದೆ. ಜೋಳ ಕೊಯ್ಯುವ ಕುಡುಗೋಲಿಗೂ ಅರಿಷಿಣ ಕುಂಕುಮ ಹಚ್ಚಿ ಕಲ್ಲಿನ ಮುಂದೆ ಇಟ್ಟಿದ್ದೆ. ಯಜಮಾನರು ಚರಗದ ಬುಟ್ಟಿ ಹೊತ್ತು ಹೊಲದ ಆಚೆ ತುದಿಗೆ ಹೋದರು. ಜೋಳದ ನಡುವೆ ಅವರು ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳುತ್ತಿತ್ತು. ಮಗಳು ಹೋಳಿಗೆ ಮುರಿದು ಬಾಯಿಗಿಟ್ಟವಳು ಹಾಗೇ ಕೈ ನೆಲಕ್ಕೆ ಊರಿದಳು.

"ಯವ್ವಾ, ನಡಾ ಮುರ್ದಂಗ ಆಗಾಕತ್ತೈತಿ."

"ಕುಂತು ಕುಂತು ಹಿಡ್ದಿರಬೇಕು, ಏಳು."

ಅವಳು ಏಳಲಿಲ್ಲ. ಅವಳ ಸೀರೆ ನೆನೆದಿತ್ತು. ನಾನು ಯಜಮಾನರನ್ನು ಕೂಗಿದೆ. ಅವರು ಚರಗದ ಕೂಗು ಹಾಕುತ್ತಲೇ ಇದ್ದರು, ನನ್ನ ಕೂಗನ್ನೂ ಅದರ ಜೋಡಿಯೇ ಎಂದುಕೊಂಡಿರಬೇಕು. ಹೆರಿಗೆಯ ಬ್ಯಾನಿ ಎನ್ನುವುದು ಚೊಚ್ಚಲಿಗೆ ಒಂದು ದಿನ, ಒಂದೂವರೆ ದಿನ ತೆಗೆದುಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ. ನನ್ನ ಮೊಮ್ಮಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಯಜಮಾನರು ಒಂದು ಸುತ್ತು ಮುಗಿಸಿ ಬುಟ್ಟಿ ಖಾಲಿ ಮಾಡಿ ಬರುವಷ್ಟರಲ್ಲಿ ಅವಳು ನನ್ನ ಸೆರಗಿನಲ್ಲಿ ಇದ್ದಳು. ಕೆಂಪಗೆ, ಜಾರುತ್ತ, ಎರಡೂ ಮುಷ್ಟಿ ಬಿಗಿಹಿಡಿದುಕೊಂಡು. ಅತ್ತಳು. ಆ ಅಳು ಕೇಳಿ ನಾನೂ ಅತ್ತೆ, ಮಗಳೂ ಅತ್ತಳು. ಯಜಮಾನರು ಖಾಲಿ ಬುಟ್ಟಿ ಹಿಡಿದುಕೊಂಡು ನಿಂತೇ ಬಿಟ್ಟರು.

"ಏನಿದು?" ಎಂದರು.

"ಮಮ್ಮಗಳ್ರೀ! ಇನ್ನೇನು? ಅಲ್ಲಿ ಪಕ್ಕದ ಹೊಲದಾಗ ಟಂಟಂ ನಿಂತೈತಿ, ಓಡ್ರಿ!"

ಅವರು ಓಡಿದರು. ಹೊಕ್ಕಳಬಳ್ಳಿ ಇನ್ನೂ ಕೂಸನ್ನು ತಾಯಿಗೆ ಹಿಡಿದೇ ಇತ್ತು. ಅದನ್ನು ಹಾಗೇ ಬಿಟ್ಟು ಎತ್ತಿಕೊಂಡು ಹೋಗಬಹುದಿತ್ತು, ಅದೇ ಸರಿಯಾಗಿತ್ತು ಎಂದು ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು ನಮ್ಮ ಅತ್ತೆ ಮಾಡುತ್ತಿದ್ದ ರೀತಿ ಒಂದೇ. ಕಲ್ಲಿಗೆ ಸುತ್ತಿದ ಹಸಿನೂಲು ಬಿಚ್ಚಿ ಎರಡು ಕಡೆ ಕಟ್ಟಿದೆ. ಕಣ್ಣೆದುರಿಗೇ ಕುಡುಗೋಲು ಇತ್ತು. ಪೂಜೆ ಮಾಡಿದ್ದು, ಅರಿಷಿಣ ಹಚ್ಚಿದ್ದು, ಆ ದಿನ ಇಡೀ ಹೊಲದಲ್ಲಿ ಅದಕ್ಕಿಂತ ಮಡಿಯಾದ ವಸ್ತು ಇನ್ನೊಂದು ಇಲ್ಲ ಎಂದೇ ಅನಿಸಿತು. ಕೊಯ್ದೆ. ಕೊಯ್ದ ಜಾಗಕ್ಕೆ ಪೂಜೆಯ ಅರಿಷಿಣ ಒತ್ತಿದೆ. ರಕ್ತ ಇನ್ನೂ ಜಿನುಗುತ್ತಿತ್ತು. ಕಲ್ಲಿನ ಮುಂದಿನ ಮಣ್ಣು ಒಂದು ಚಿಟಿಕೆ ತೆಗೆದು ಅದರ ಮೇಲೆ ಇಟ್ಟೆ. ಭೂಮಿತಾಯಿಯ ಹಬ್ಬದ ದಿನ ಅವಳ ಮಣ್ಣು ಮದ್ದಲ್ಲದೆ ಮತ್ತೇನಾದೀತು?

ಮೂರು ಗಾಲಿಯ ಟಂಟಂ ಗಾಡಿ ಬಂತು. ಪಕ್ಕದ ಹೊಲದವನು ಮೇಲಿದ್ದ ಬುಟ್ಟಿಗಳನ್ನೆಲ್ಲ ಕೆಳಗೆ ಬಿಸಾಕಿ, ಕೌದಿ ಹಾಸಿ ಕೊಟ್ಟ. "ಚಿಗವ್ವಾ, ಗಟ್ಯಾಗಿ ಹಿಡ್ಕೋ, ತಗ್ಗು ಭಾಳ ಅದಾವ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಹೋದ. ಅರ್ಧ ದಾರಿಗೆ ಬಂದಮೇಲೆ ನನ್ನ ಖುಷಿಯೊಳಗೆ ಮುಳ್ಳು ಚುಚ್ಚಿದ ಹಾಗೆ ಬೀಗತಿಯ ಮಾತು ನೆನಪಾಯಿತು. ಹೊಸ್ತಿಲು ದಾಟಿಸಬೇಡಿ ಎಂದಿದ್ದರು. ಅಮಾವಾಸ್ಯೆಯ ದಿನ ನಾನು ಅವರ ಸೊಸೆಯನ್ನು ಬಯಲಲ್ಲಿ ಹೆರಿಸಿದ್ದೆ. ಇದನ್ನು ಅವರು ಸಾಯುವವರೆಗೆ ಆಡಿ ತೋರಿಸುತ್ತಾರೆ. ನನಗಾದರೂ ಅಡ್ಡಿಯಿಲ್ಲ, ಮಗಳಿಗೆ ಆಡಿ ತೋರಿಸುತ್ತಾರೆ.

ಮಗಳ ಕೈ ಒತ್ತಿದೆ. "ಯಾರು ಕೇಳಿದ್ರೂ ಆಸ್ಪತ್ರಿ ಗೇಟಿನಾಗ ಹುಟ್ಟೇತಿ ಅನ್ನು. ಹೊಲದ ಸುದ್ದಿ ಎತ್ತಬ್ಯಾಡ."

ಅವಳು ಕಣ್ಣು ಮುಚ್ಚಿಕೊಂಡೇ ಹೂಂ ಎಂದಳು. ಯಜಮಾನರು ನನ್ನ ಮುಖ ನೋಡಿ ಆಚೆ ತಿರುಗಿದರು.

ಆಸ್ಪತ್ರೆಯಲ್ಲಿ ತಾಯಿಯನ್ನು ಒಳಗೆ ಒಯ್ದರು. ಮಾಸು ಅಲ್ಲಿಯೇ ಬಿತ್ತು, ರಕ್ತ ನಿಂತಿತು, ತಾಯಿ ಗಟ್ಟಿಯಾಗಿದ್ದಾಳೆ ಎಂದರು. ಕೂಸನ್ನು ತೂಗಿ, ಬೆಚ್ಚಗೆ ಸುತ್ತಿ ತಾಯಿಯ ಮಗ್ಗುಲಲ್ಲಿ ಹಾಕಿದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪಕ್ಕದ ಮಂಚದ ಬಾಣಂತಿಯ ಅವ್ವನಿಗೆ ಕೇಳದಿದ್ದರೂ ತೋರಿಸಿದೆ. ಆ ಹೆಂಗಸು ಕೇಳಿದಳು, "ನಿಮಗೆಷ್ಟು ಮಂದಿ ಮಕ್ಕಳ್ರಿ?"

"ಮೂರು" ಎಂದೆ. ಯಾವಾಗಲೂ ಹಾಗೇ ಹೇಳುವುದು.

ಆಗ ಸಿಸ್ಟರ್ ಬಂದಳು. ನಮ್ಮ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಯಲಬುರ್ಗಾ ಕಡೆಯ ಮಾತು. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಸಣ್ಣ ಸಣ್ಣ ಚೌಕ.

"ಅಜ್ಜಿ, ಇಲ್ಲಿ ಬಾ. ನಾ ಕೇಳಿದ್ದಕ್ಕ ಖರೇ ಖರೇ ಹೇಳು. ಒಂದs ಕೂಸು ಹೌದಿಲ್ಲೋ?"

"ಒಂದs. ಇನ್ನೊಂದು ಎಲ್ಲಿಂದ ತರ್ಲಿ?"

"ಅವಳಿ ಆದ್ರ ಬ್ಯಾರೆ ಸಾಲು, ಅದಕ್ಕ ಕೇಳಿದ್ನಿ. ಜೀವಂತ." ಅದಕ್ಕೆ ಅವಳೇ ಗುರುತು ಹಾಕಿದಳು. ಜೀವಂತ ಎಂದು ಬರೆಯಬೇಕೆ ಎಂದು ನನಗೆ ಜೀವ ಝಲ್ ಎಂದಿತು. ಬರೆಯುವ ಚೌಕ ಇದೆ ಎಂದರೆ ಇನ್ನೊಂದು ಚೌಕವೂ ಇದೆ. "ಇನ್ನ, ಎಲ್ಲಿ ಹುಟ್ಟಿದ್ದು? ಆಸ್ಪತ್ರಿ ಒಳಗೋ, ಹೊರಗೋ?"

"ಗೇಟಿನಾಗ. ಟಂಟಂ ಒಳಗ. ಗಾಲಿ ಗೇಟ್ ದಾಟಿದ್ವು, ಕೂಸು ಬಂತು. ಮಾಸಂತೂ ಇಲ್ಲೇ ಬಿತ್ತಲ್ಲ. ಅರ್ಧಾ ಹೆರಿಗಿ ನಿಮ್ಮಲ್ಲೇ ಆದಂಗಾತು. ಒಳಗ ಅಂತ ಬರ್ಕೊಂಡ್ರ ಏನಾಕ್ಕೈತಿ?"

ಸಿಸ್ಟರ್ ನಕ್ಕಳು. "ಅರ್ಧಾ ಒಳಗ ಅರ್ಧಾ ಹೊರಗ ಅನ್ನೋ ಸಾಲು ಇಲ್ಲಜ್ಜಿ. ಮೂರ ಅದಾವ. ಒಳಗ, ಹೊರಗ, ಎಲ್ಲಿ ಅಂತ ಗೊತ್ತಿಲ್ಲ."

"ಹಂಗಾರ ಗೊತ್ತಿಲ್ಲ ಅನ್ನೂದಕ್ಕ ಹಾಕು."

"ಹಡದಾಕಿ ಇಲ್ಲೇ ಮಕ್ಕೊಂಡಾಳ, ಎತ್ಕೊಂಡಾಕಿ ಮುಂದ ನಿಂತೀದಿ. ಗೊತ್ತಿಲ್ಲ ಅಂತ ಹೆಂಗ ಬರೀಲಿ? ಹೊಕ್ಕಳಬಳ್ಳಿ ಯಾರು ಕೊಯ್ದ್ರು?"

"ನಾನs. ಹೊಸಾ ಬ್ಲೇಡಿಲೆ."

ಇಷ್ಟು ಸಲೀಸಾಗಿ ಸುಳ್ಳು ಬಂತು, ನನಗೇ ಆಶ್ಚರ್ಯವಾಯಿತು. ಸಿಸ್ಟರ್ ಹಾಳೆಯ ಮೇಲೆ ಪೆನ್ನು ಎತ್ತಿದವಳು ಇಳಿಸಲಿಲ್ಲ. ಕೂಸಿನ ಹತ್ತಿರ ಹೋಗಿ ಬಟ್ಟೆ ಬಿಚ್ಚಿ ಹೊಕ್ಕಳು ನೋಡಿದಳು. ಹೊರಗೆ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದಳು. ಡಾಕ್ಟರಮ್ಮ ಹತ್ತಿ ತೆಗೆದುಕೊಂಡು ಮೆಲ್ಲಗೆ ಒರೆಸಿ, ಹತ್ತಿಯನ್ನು ಬೆಳಕಿಗೆ ಹಿಡಿದರು. ಹಳದಿಯ ಜೊತೆ ಕಪ್ಪು.

"ಟಂಟಂನಾಗ ಎರಿಮಣ್ಣು ಎಲ್ಲಿಂದ ಬಂತಜ್ಜಿ?" ಎಂದಳು ಸಿಸ್ಟರ್.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ಕುಳಿತು, ಮಗಳ ತಾಯಿ ಕಾರ್ಡು ಬಿಡಿಸಿದರು. ಬಸುರಿಯರಿಗೆ ಹಾಕುವ ಧನುರ್ವಾಯು ಸೂಜಿ ಅದರಲ್ಲಿ ಒಂದೇ ಇತ್ತು. ಎರಡನೆಯದರ ಜಾಗ ಖಾಲಿ.

"ಎರಡನೇ ಸೂಜಿ ಯಾಕ ತಗೊಂಡಿಲ್ಲಮ್ಮ?" ಎಂದು ಮಗಳನ್ನು ಕೇಳಿದರು. ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಡಾಕ್ಟರಮ್ಮ ನನಗೆ ಹೇಳಿದರು. ಅವರ ಮಾತು ಇಂದಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಆಯಿ, ನಾನು ಜಗಳಕ್ಕೆ ಕೇಳ್ತಾ ಇಲ್ಲ. ಹೊಲದ ಮಣ್ಣಲ್ಲಿ, ದನದ ಗೊಬ್ಬರದಲ್ಲಿ, ಅಂಥಾ ಮಣ್ಣು ಹತ್ತಿದ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಒಂದು ಹುಳ ಇರ್ತದ. ಹೊಕ್ಕಳಿಂದ ಕೂಸಿನ ಒಳಗೆ ಹೋಗ್ತದ. ಮೊದಲ ನಾಲ್ಕೈದು ದಿನ ಏನೂ ಗೊತ್ತಾಗೂದಿಲ್ಲ. ಕೂಸು ಛಲೋ ಹಾಲು ಕುಡೀತಿರ್ತದ. ಏಳನೇ ದಿನ, ಎಂಟನೇ ದಿನ ಬಾಯಿ ಗಟ್ಟಿ ಹಿಡೀತದ. ಮೊಲೆ ಹಿಡಿಯೂದಿಲ್ಲ. ಮೈ ಬಿಲ್ಲಿನಂಗ ಬಾಗ್ತದ. ಮುಟ್ಟಿದ್ರೆ ಸಾಕು, ಬೆಳಕು ಬಿದ್ರೆ ಸಾಕು, ಸೆಟೆದುಕೊಳ್ತದ. ಅಷ್ಟು ಆದಮೇಲೆ ನಮ್ಮ ಕೈಯಲ್ಲಿ ಭಾಳ ಇರೂದಿಲ್ಲ. ಇವತ್ತಾದ್ರೆ ಅದಕ್ಕ ಸೂಜಿ ಐತಿ. ಆಸ್ಪತ್ರೆ ಒಳಗೆ ಹುಟ್ಟಿದ ಕೂಸಿಗೆ ಅದು ಬೇಕಾಗೂದಿಲ್ಲ. ಹೊರಗೆ, ಹೊಲದಾಗ ಹುಟ್ಟಿದ ಕೂಸಿಗೆ ಬೇಕು. ಅದಕ್ಕೇ ಎಲ್ಲಿ ಹುಟ್ಟಿತು ಅಂತ ಕೇಳೂದು."

ಬಾಯಿ ಗಟ್ಟಿ ಹಿಡಿಯುತ್ತದೆ. ಮೈ ಬಿಲ್ಲಿನಂತೆ ಬಾಗುತ್ತದೆ. ಎಂಟನೆಯ ದಿನ.

ನಾನು ಅದನ್ನು ನೋಡಿದ್ದೆ. ಹತ್ತೊಂಬತ್ತು ವರ್ಷದವಳಿದ್ದಾಗ, ಇದೇ ಕೈಯಲ್ಲಿ ಹಿಡಿದುಕೊಂಡು ನೋಡಿದ್ದೆ. ನನ್ನ ಚೊಚ್ಚಲ ಗಂಡುಕೂಸು. ಮನೆಯ ಒಳಕೋಣೆಯಲ್ಲಿ ಹೆತ್ತೆ, ಅತ್ತೆಯೇ ಹೆರಿಗೆ ಮಾಡಿದರು. ಮಾಡಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದು ಕೊಯ್ದರು, ಒಲೆಯ ಬೂದಿ ಹಚ್ಚಿದರು. ಏಳು ದಿನ ಹಾಲು ಕುಡಿದ. ಎಂಥ ಕೂಸು! ಊರವರೆಲ್ಲ ದೃಷ್ಟಿ ತೆಗೆಯಿರಿ ಎನ್ನುವಂಥ ಕೂಸು. ಎಂಟನೆಯ ದಿನ ಮುಂಜಾನೆ ಮೊಲೆ ಬಾಯಿಗಿಟ್ಟರೆ ತುಟಿ ತೆರೆಯಲಿಲ್ಲ. ಬೆರಳು ಹಾಕಿ ಬಿಡಿಸಲು ನೋಡಿದೆ, ಹಲ್ಲಿಲ್ಲದ ಆ ಒಸಡು ಬಾಗಿಲು ಹಾಕಿದಂತೆ ಬಿಗಿದಿತ್ತು. ಬಾಗಿಲು ಸಪ್ಪಳವಾದರೂ ಹಿಂದಕ್ಕೆ ಬಾಗುತ್ತಿದ್ದ. ಬಾಲಗ್ರಹ ಎಂದರು. ಅಮಾವಾಸ್ಯೆಯ ಮರುದಿನ ಇವಳು ಹಸಿ ಬಾಣಂತಿ ತಲೆ ಬಿಟ್ಟುಕೊಂಡು ಅಂಗಳಕ್ಕೆ ಬಂದಿದ್ದಳು, ಅದಕ್ಕೇ ಹಿಡಿಯಿತು ಎಂದರು. ತಾಯತ ಕಟ್ಟಿದರು, ಹೊಗೆ ಹಾಕಿದರು. ಹತ್ತನೆಯ ದಿನ ಹಳ್ಳದ ದಂಡೆಗೆ ಒಯ್ದು ಮಣ್ಣು ಮಾಡಿದರು. ಹೆಸರು ಇಟ್ಟಿರಲಿಲ್ಲ, ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆಮೇಲೆ ಮೂರು ಮಕ್ಕಳು ಆಸ್ಪತ್ರೆಯಲ್ಲೇ ಆದವು, ಮೂರೂ ಉಳಿದವು. ಅವನನ್ನು ಎಣಿಕೆಯಿಂದ ಬಿಟ್ಟೆ. ಆದರೆ ಅಂಗಳಕ್ಕೆ ಬಂದದ್ದು ನಾನೇ ಎನ್ನುವುದನ್ನು ಮಾತ್ರ ಒಂದು ದಿನವೂ ಬಿಟ್ಟಿರಲಿಲ್ಲ.

ಯಾವ ಗ್ರಹವೂ ಅಲ್ಲ. ಕುಡುಗೋಲು! ಇಷ್ಟು ವರ್ಷ ನಾನು ನನ್ನ ಬಿಚ್ಚಿದ ತಲೆಯನ್ನು ಶಪಿಸಿಕೊಂಡೆ. ಕೊಂದದ್ದು ಮಾಡಿನಲ್ಲಿ ಸಿಕ್ಕಿಸಿದ್ದ ಕುಡುಗೋಲು. ಅದೇ ಕೆಲಸವನ್ನು ಇವತ್ತು ನಾನು, ನನ್ನ ಕೈಯಾರೆ, ಅರಿಷಿಣ ಹಚ್ಚಿ ಮಾಡಿ ಬಂದಿದ್ದೆ. ಮಾಡಿದ್ದಲ್ಲದೆ ಬ್ಲೇಡು ಎಂದು ಸುಳ್ಳು ಹೇಳಿ ನಿಂತಿದ್ದೆ.

ಬಾಯಿ ತೆರೆದೆ. ಅದೇ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಬೀಗತಿಯ ದನಿ ಕೇಳಿತು. ಯಜಮಾನರು ಫೋನು ಮಾಡಿದ್ದರು. ಅಳಿಯನ ಬೈಕಿನ ಹಿಂದೆ ಕುಳಿತು ಧೂಳಿನಲ್ಲಿ ಮಿಂದು ಬಂದಿದ್ದರು. "ಎಲ್ಲೈತಿ ನನ್ನ ಮಮ್ಮಗಳು? ಗೇಟಿನಾಗ ಹುಟ್ಟೇತಂತಲ್ಲ, ಭಾಳ ಅವಸರದಾಕಿ!" ಎನ್ನುತ್ತ ಬಂದು, ಮಂಚದ ಮೇಲೆ ಕುಳಿತ ಡಾಕ್ಟರಮ್ಮನನ್ನು ನೋಡಿ ನಿಂತರು.

ಆ ಒಂದು ಗಳಿಗೆ ಎಷ್ಟು ಉದ್ದವಿತ್ತು! ಅವರು ಹೊರಗೆ ಹೋಗಲಿ, ಆಮೇಲೆ ಡಾಕ್ಟರಮ್ಮನ ಕಿವಿಯಲ್ಲಿ ಹೇಳೋಣ ಎಂದು ಮನಸ್ಸು ಎಳೆಯಿತು. ಕೂಸು ಆಕಳಿಸಿತು. ಆ ಪುಟ್ಟ ಬಾಯಿ ಪೂರಾ ತೆರೆದು ಮುಚ್ಚಿಕೊಂಡಿತು.

"ಗೇಟಿನಾಗ ಅಲ್ರಿ" ಎಂದೆ. "ಹೊಲದಾಗ ಹುಟ್ಟೇತಿ. ಬನ್ನಿಮರದ ಬುಡಕ. ಚರಗಕ್ಕ ನಾನs ಕರ್ಕೊಂಡು ಹೋಗಿದ್ದೆ. ಬ್ಲೇಡಿಲೆ ಕೊಯ್ದಿಲ್ರೀ, ಜ್ವಾಳಾ ಕೊಯ್ಯೂ ಕುಡಗೋಲಿಲೆ ಕೊಯ್ದೀನಿ. ಮ್ಯಾಲೆ ಹೊಲದ ಮಣ್ಣು ಇಟ್ಟೀನಿ. ಡಾಕ್ಟರವ್ವಾ, ಸೂಜಿ ಹಾಕು. ಲಗೂನ ಹಾಕು. ನನ್ನ ಚೊಚ್ಚಲ ಗಂಡುಕೂಸು ಹಿಂಗs ಹೋಗೇತಿ. ಎಂಟನೇ ದಿನ ಬಾಯಿ ಹಿಡೀತು."

ಡಾಕ್ಟರಮ್ಮ ಎದ್ದು ಹೊರಗೆ ಓಡಿದಂತೆಯೇ ಹೋದರು. ಸಿಸ್ಟರ್ ಅವರ ಹಿಂದೆ. ನಾವು ಇಬ್ಬರು ಬೀಗತಿಯರು ಎದುರಾ ಬದುರಾ ಉಳಿದೆವು.

"ನಾ ಫೋನಿನಾಗ ಏನ್ ಹೇಳಿದ್ದೆ?" ಎಂದರು ಅವರು. ದನಿ ಸಣ್ಣದಾಗಿತ್ತು. ಅವರ ಸಣ್ಣ ದನಿಯನ್ನು ನಾನು ಅದೇ ಮೊದಲು ಕೇಳಿದ್ದು, ಕೂಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

"ಹೊಸ್ತಲಾ ದಾಟಿಸಬ್ಯಾಡ್ರಿ ಅಂದಿದ್ರಿ."

"ನೀವು ಏನ್ ಅಂದ್ರಿ?"

"ನಾ ಅಷ್ಟೂ ತಿಳೀಲಾರ್ದಾಕಿ ಅದೀನೇನು ಅಂದಿದ್ದೆ."

"ಹೂಂ" ಎಂದರು. ಇನ್ನೂ ಏನೋ ಬರುವುದಿತ್ತು. ಅಷ್ಟರಲ್ಲಿ ಮಂಚದ ಮೇಲಿನ ಬಿಡಿಸಿದ ಕಾರ್ಡು ಅವರ ಕಣ್ಣಿಗೆ ಬಿತ್ತು. ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇದೇನು?" ಎಂದು ಸೊಸೆಯನ್ನು ಕೇಳಿದರು. ಸೊಸೆ ಅಂಜುತ್ತಲೇ, "ಎರಡನೇ ಸೂಜೀದು. ಅವತ್ತ ದಾಳಿಂಬ್ರಿ ತುಂಬೂ ಗಾಡಿ ಬಂದಿತ್ತಲ್ರೀ ಅತ್ತಿ. ಇವತ್ತ ಬ್ಯಾಡ, ನಾಡದ ಹೋಗೂಣು ಅಂದಿದ್ರಿ" ಎಂದಳು. ಆ ನಾಡಿದ್ದು ಬರಲೇ ಇಲ್ಲ. ಏಳನೆಯ ತಿಂಗಳು ಬಂತು, ನಾನು ತವರಿಗೆ ಕರೆದುಕೊಂಡು ಬಂದೆ.

ಬೀಗತಿ ನೆಲಕ್ಕೆ ಕುಕ್ಕರಿಸಿದರು. ಅಲ್ಲಿಂದಲೇ ನನ್ನ ಸೆರಗು ಹಿಡಿದು ಎಳೆದು, "ಕುಂಡ್ರಿ ಅಕ್ಕಾರ, ನಿಂತು ಏನ್ ಮಾಡ್ತೀರಿ" ಎಂದರು. ಕುಳಿತೆ. "ನಿಮ್ಮ ಚೊಚ್ಚಲ ಕೂಸಿನ ಸುದ್ದಿ ನಮಗ ಯಾರೂ ಹೇಳೇ ಇಲ್ಲ" ಎಂದರು. "ನಾನs ಯಾರಿಗೂ ಹೇಳಿಲ್ರೀ" ಎಂದೆ.

ಸೂಜಿ ಬಂತು. ಅಷ್ಟು ಸಣ್ಣ ತೊಡೆಗೆ ಅಷ್ಟು ದೊಡ್ಡ ಸೂಜಿ. ಹೊಕ್ಕಳನ್ನು ತೊಳೆದರು, ಔಷಧ ಶುರು ಮಾಡಿದರು, ತಾಯಿಗೂ ಸೂಜಿ ಹಾಕಿದರು. ಕೂಸು ಅತ್ತ ರಭಸಕ್ಕೆ ಪಕ್ಕದ ಮಂಚದ ಕೂಸೂ ಎದ್ದು ಅತ್ತಿತು. ಸಿಸ್ಟರ್ ತನ್ನ ಹಾಳೆ ಹಿಡಿದುಕೊಂಡು ಮತ್ತೆ ಬಂದಳು.

"ಈಗ ಏನ್ ಬರೀಲಿ ಅಜ್ಜಿ?"

ಬೀಗತಿ ನನಗಿಂತ ಮೊದಲು ಬಾಯಿ ಹಾಕಿದರು. ದನಿ ತಿರುಗಿ ಬಂದಿತ್ತು. "ಬರ್ಕೋ ತಂಗಿ, ಹೊಲದಾಗ ಹುಟ್ಟೇತಿ ಅಂತ ದೊಡ್ಡ ಅಕ್ಷರದಾಗ ಬರ್ಕೋ. ಒಕ್ಕಲಗ್ಯಾರ ಕೂಸು ಹೊಲದಾಗ ಹುಟ್ಟದs ವಿಮಾನದಾಗ ಹುಟ್ಟತೈತೇನು?"

"ಹೊಲ ಅಂತ ಬರಿಯಾಕ ಜಾಗ ಇಲ್ರೀ. ಆಸ್ಪತ್ರಿ ಹೊರಗ ಅಂತ ಅಷ್ಟs."

"ಇಷ್ಟs ಇಷ್ಟು ಸಣ್ಣ ಹಾಳಿ ಮಾಡ್ಯಾರೇನು? ಹೋಗಲಿ, ಅಷ್ಟs ಬರಿ."

ಬರೆದಳು. ಒಂದೇ ಕೂಸು, ಜೀವಂತ, ಆಸ್ಪತ್ರೆಯ ಹೊರಗೆ. ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರ, ಎರಡು ಮೂರು ಅಂಕಿ. ದುನಿಯಾದಲ್ಲಿ ಯಾವ ಊರಲ್ಲಿ ಹೀಗೆ ಹುಟ್ಟಿದರೂ ಇದೇ ನಂಬರು ಎಂದು ತಿಳಿಸಿ ಹೇಳಿದಳು. ನನಗೆ ನಂಬಿಕೆಯಾಗಲಿಲ್ಲ. ಕುಕನೂರಿನ ಬನ್ನಿಮರದ ಬುಡದಲ್ಲಿ ಬಿದ್ದ ಕೂಸಿಗೆ ಯಾವ ದೇಶದವರೋ ಮೊದಲೇ ಒಂದು ಸಾಲು ಮಾಡಿ ಇಟ್ಟಿದ್ದಾರೆ! ಹಡೆಯುವವರಿಗೇ ಗೊತ್ತಿಲ್ಲದ್ದು ಅವರಿಗೆ ಗೊತ್ತಿತ್ತು.

ಆಮೇಲಿನ ದಿನಗಳನ್ನು ನಾನು ಉಂಡೆನೋ ಮಲಗಿದೆನೋ ನೆನಪಿಲ್ಲ. ಅಲ್ಲಿಯೇ ಇಟ್ಟುಕೊಂಡು ನೋಡುತ್ತೇವೆ ಎಂದರು. ಪ್ರತಿ ಸಲ ಹಾಲು ಕುಡಿಸುವಾಗಲೂ ನಾನು ಬಗ್ಗಿ ಬಾಯಿ ನೋಡುತ್ತಿದ್ದೆ. ಮಗಳಿಗೆ ನಾಚಿಕೆಯಾಗಿ, "ಸರಿಬೇ ಯವ್ವಾ, ನೀನs ಕುಡೀತಿಯೇನು?" ಎಂದು ಬೈದಳು. ಐದನೆಯ ದಿನ ಸಂಜೆ ಸೆಟವಿಯ ಪೂಜೆ. ಆ ದಿನ ಆ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅದಕ್ಕೆ ಹಾಳೆ ಪೆನ್ನು ಇಡಬೇಕು. ಹಾಳೆ ಇತ್ತು, ಪೆನ್ನು ಇರಲಿಲ್ಲ. ಸಿಸ್ಟರನ್ನು ಕೇಳಿದೆ.

"ಯಾಕಜ್ಜಿ?"

"ಸೆಟವಿ ಬರೀಬೇಕು, ಕೂಸಿನ ನಸೀಬು."

"ನಾ ಆಗಲೇ ಬರ್ದೀನಲ್ಲ!" ಎಂದು ನಗುತ್ತ ತನ್ನ ಕಿಸೆಯ ಪೆನ್ನನ್ನೇ ಕೊಟ್ಟಳು. ದಿಂಬಿನ ಕೆಳಗೆ ಇಟ್ಟೆ. ಸೆಟವಿತಾಯಿ, ಇವಳು ಬರೆದದ್ದನ್ನು ಅಳಿಸಬೇಡ, ಜೀವಂತ ಎಂದು ಬರೆದಿದ್ದಾಳೆ, ಅದನ್ನು ಮಾತ್ರ ಹಾಗೇ ಬಿಡು ಎಂದು ಬೇಡಿಕೊಂಡೆ.

ಏಳನೆಯ ದಿನ ಕುಡಿದಳು. ಎಂಟನೆಯ ದಿನ ಮುಂಜಾನೆ ಮಗಳು ಎದೆಗೆ ಹಚ್ಚಿದಾಗ ನನಗೆ ನೋಡಲು ಧೈರ್ಯ ಸಾಲದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ಒಳಗಿನಿಂದ ಬೀಗತಿ ಬಂದರು. ಅವರು ಕುಷ್ಟಗಿಗೆ ಹೋಗಿಯೇ ಇರಲಿಲ್ಲ. ನನ್ನ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಹಲ್ಲಿಲ್ಲ ಏನಿಲ್ಲ, ನನ್ನ ಸ್ವಸಿ 'ಎಪ್ಪಾ' ಅಂತ ಚೀರಿದ್ಲು. ಹಂಗ ಜಗ್ಗಿ ಕುಡಿಯಾಕತ್ತಾಳ ನಿಮ್ಮ ಮಮ್ಮಗಳು. ಏಳ್ರಿ ಇನ್ನ, ಚಾ ಕುಡೀರಿ" ಎಂದರು.

ನಾನು ಅಲ್ಲೇ, ಎಲ್ಲರ ಎದುರಿಗೆ, ಬಾಯಿಗೆ ಸೆರಗು ಹಿಡಿದು ಅತ್ತೆ. ನಕ್ಕೆ. ಎರಡೂ ಕೂಡಿಯೇ ಬಂದವು.

ಎರಡು ವಾರ ದಾಟಿದ ಮೇಲೆ ಮನೆಗೆ ಕಳಿಸಿದರು. ಹೊರಡುವ ದಿನ ಸಿಸ್ಟರ್ ಕಂಪ್ಯೂಟರ್ ಮುಂದೆ ಕುಳಿತಿದ್ದಳು. ಪೆನ್ನು ತಿರುಗಿ ಕೊಟ್ಟೆ. ಕೊಟ್ಟವಳು ಅಲ್ಲೇ ನಿಂತೆ.

"ಏನಜ್ಜಿ?"

"ನಂದೊಂದು ಇತ್ತವ್ವಾ, ಮೊದಲನೇದು. ಮನ್ಯಾಗ ಹುಟ್ಟಿತ್ತು. ಅದು ಯಾವ ಸಾಲಿಗೆ ಬರ್ತಿತ್ತು?"

ಅವಳು ನನ್ನ ಮುಖ ನೋಡಿದಳು. "ಹುಟ್ಟಿದಾಗ ಅತ್ತಿತ್ತಾ?"

"ಭಾಳ ಅತ್ತಿತ್ತು."

"ಒಂದs ಕೂಸಾ?"

"ಒಂದs."

ಕಂಪ್ಯೂಟರನ್ನು ನನ್ನ ಕಡೆ ಸ್ವಲ್ಪ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದs ಸಾಲಜ್ಜಿ. ನಿಮ್ಮ ಮಮ್ಮಗಳದ್ದು ಐತಲ್ಲ, ಅದs ನಂಬರ್."

ನಾನು ಆ ಸಾಲನ್ನು ನೋಡುತ್ತ ನಿಂತೆ. ಇಂಗ್ಲಿಷ್, ನನಗೆ ಓದಲು ಬಾರದು. ಅವನಿಗೆ ಒಂದು ಜಾಗ ಇತ್ತು. ಅದನ್ನು ಯಾರೂ ತುಂಬಿರಲಿಲ್ಲ, ಅಷ್ಟೆ.

ತೊಟ್ಟಿಲಿಗೆ ಹಾಕುವ ದಿನ ಮನೆಯ ತುಂಬ ಹೆಂಗಸರು. ಬೀಗತಿ ಕುಷ್ಟಗಿಯಿಂದ ಒಂದು ಬುಟ್ಟಿ ದಾಳಿಂಬೆ ತಂದಿದ್ದರು. ಬಂದವರಿಗೆಲ್ಲ ಕೊಡುತ್ತ, ಕೊಡುವಾಗಲೆಲ್ಲ ಹೊಲದಲ್ಲಿ ಹುಟ್ಟಿದ ಕತೆಯನ್ನು ತಾವೇ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಅವರ ಕತೆಯಲ್ಲಿ ಜೋಳ ಎರಡಾಳು ಎತ್ತರ ಇತ್ತು. ಕುಡುಗೋಲಿನ ಸುದ್ದಿ ಬಂದಾಗ ಮಾತ್ರ ದನಿ ತಗ್ಗಿಸಿ, "ಯಾರೂ ಹಂಗ ಮಾಡಬ್ಯಾಡ್ರಿ ಮತ್ತ. ಸೂಜೀನೂ ತಪ್ಪಿಸಬ್ಯಾಡ್ರಿ, ನಾ ತಪ್ಪಿಸಿದ್ನಿ" ಎನ್ನುತ್ತಿದ್ದರು.

ಹೊಸದಾಗಿ ಓಣಿಗೆ ಬಂದ ಒಬ್ಬ ಸೊಸೆ ತೊಟ್ಟಿಲು ತೂಗುತ್ತ ನನ್ನನ್ನು ಕೇಳಿದಳು, "ಅಮ್ಮಾ, ನಿಮಗೆಷ್ಟು ಮಂದಿ ಮಕ್ಕಳ್ರಿ?"

"ನಾಕು" ಎಂದೆ.

ಒಳಗೆ ಹೋಗುತ್ತಿದ್ದ ಯಜಮಾನರು ನಿಂತರು. ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

"ಮೂರು ಮಂದಿ ಅದಾರ" ಎಂದು ಆ ಹುಡುಗಿಗೆ ಹೇಳಿದೆ. "ಮೊದಲನೇದು ಹತ್ತು ದಿನ ಇತ್ತು. ಗಂಡುಕೂಸು. ಹುಟ್ಟಿದಾಗ ಭಾಳ ಅತ್ತಿತ್ತು."

ತೊಟ್ಟಿಲಲ್ಲಿ ಮೊಮ್ಮಗಳು ಎಚ್ಚರಾಗಿ ಬಾಯಿ ತೆರೆದಳು. ಯಾರೋ ಎತ್ತಿಕೊಳ್ಳಲು ಕೈ ಚಾಚಿದರು. ನಾನು, ಅಳಲಿ, ಒಂದು ಗಳಿಗೆ ಅಳಲಿ ಬಿಡ್ರಿ ಎಂದೆ.